ಮನೆ ಬಿಯರ್‌ಗೆ ಬಾಟ್ಲಿ ಬಿಟ್ಟು ಕ್ಯಾನ್‌ಗೆ ಹೋಗ್ಲಾ? ಅಟ್ಟದಲ್ಲಿ ಮೂರು ಬಾಟ್ಲಿ ಸಿಡಿದಿದೆ

ಸುಂಟಿಕೊಪ್ಪ ತೋಟದವನು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ಎರಡು ವರ್ಷದಿಂದ ಮನೇಲಿ ಬಿಯರ್ ಮಾಡ್ತಾ ಇದೀನಿ. ಒಂದು ಸಲಕ್ಕೆ 20 ಲೀಟರ್, ಮನೆಯವರಿಗೆ, ಹಬ್ಬಕ್ಕೆ ಬರೋ ನೆಂಟರಿಗೆ, ಅಷ್ಟೇ. ಗುಜರಿ ಅಂಗಡಿಯಿಂದ 650 ಎಂಎಲ್ ಕಂದು ಬಾಟ್ಲಿ ತರ್ತೀನಿ, ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ರಾತ್ರಿ ನೆನೆಹಾಕಿ ಲೇಬಲ್ ಕಿತ್ತು ಬ್ರಶ್ ಹಾಕಿ ತೊಳೆದು, ಗ್ಯಾಸ್ ಬರೋಕೆ ಸಕ್ಕರೆ ಸೇರಿಸಿದ ಬಿಯರ್ ತುಂಬಿ ಕೈ ಕ್ಯಾಪರ್‌ನಲ್ಲಿ ಮುಚ್ಚಳ ಒತ್ತಿ ಅಟ್ಟದ ಮೇಲೆ ಇಡ್ತೀನಿ. ಇಷ್ಟು ದಿನ ಏನೂ ತೊಂದ್ರೆ ಆಗಿರ್ಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಕಾಫಿ ಕುಯ್ಲು ಜೋರಾಗಿದ್ದಾಗ ಒಂದು ಪೇಲ್ ಏಲ್ (ಒಂದು ಥರದ ಬಿಯರ್) ಹಾಕಿದ್ದೆ. ಮೂರು ವಾರ ಆದ್ಮೇಲೆ ಏರ್‌ಲಾಕ್‌ನಲ್ಲಿ (ಹುದುಗಿನ ಗ್ಯಾಸ್ ಹೊರಗೆ ಬಿಡೋ ಮುಚ್ಚಳ) ಗುಳ್ಳೆ ನಿಂತಿತ್ತು, ಹೈಡ್ರೋಮೀಟರ್ (ಸಾಂದ್ರತೆ ಅಳೆಯೋದು, ಸಕ್ಕರೆ ಕಮ್ಮಿ ಆದಷ್ಟೂ ಅಂಕಿ ಇಳಿಯುತ್ತೆ) ಹಾಕಿದ್ರೆ 1.016, ರೆಸಿಪಿಯಲ್ಲಿ 1.011 ಅಂತ ಇತ್ತು ಆದ್ರೆ ಕಣದಲ್ಲಿ ಕೆಲಸ ಬಿದ್ದಿತ್ತು, ಸಾಕು ಬಿಡು ಅಂತ 125 ಗ್ರಾಂ ಸಕ್ಕರೆ ನೀರಲ್ಲಿ ಕುದಿಸಿ ಸೇರಿಸಿ 29 ಬಾಟ್ಲಿ ತುಂಬಿದೆ. ಜನವರಿ ಕೊನೆಗೆ ತೆಗೆದು ಕುಡಿದಾಗ ಗ್ಯಾಸ್ ಸ್ವಲ್ಪ ಕಮ್ಮಿ ಅನ್ನಿಸ್ತು, ರುಚಿ ಚೆನ್ನಾಗೇ ಇತ್ತು.

ಏಪ್ರಿಲ್ ಮೊದಲನೇ ವಾರ, ಹೂ ಮಳೆ ಬಂದು ಕಾಫಿ ಹೂ ಬಿಟ್ಟು ತೋಟ ಎಲ್ಲಾ ಬೆಳ್ಳಗೆ ಆಗಿತ್ತು, ಮಧ್ಯಾಹ್ನ ಊಟಕ್ಕೆ ಕೂತಿದ್ವಿ, ಅಟ್ಟದಲ್ಲಿ ಕೋವಿ ಹೊಡೆದ ಹಾಗೆ ಶಬ್ದ. ಹತ್ತೋಕೆ ಹೋದವನು ಏಣಿ ಮೇಲೆ ಇರುವಾಗ್ಲೇ ಇನ್ನೊಂದು. ಸಂಜೆ ಒಳಗೆ ಮೂರು ಹೋಯ್ತು. ಒಂದು ಬಾಟ್ಲಿಯ ಕತ್ತು ಎದುರಿಗಿದ್ದ ಮರದ ಪೆಟ್ಟಿಗೆಗೆ ಹೋಗಿ ಕಚ್ಚಿಕೊಂಡಿತ್ತು, ಕಿತ್ರೆ ಬರ್ಲಿಲ್ಲ, ಚಾಕು ಹಾಕಿ ಎಬ್ಬಿಸ್ಬೇಕಾಯ್ತು. ಅದೇ ಪೆಟ್ಟಿಗೆ ಪಕ್ಕ ಅವ್ವ ಉಪ್ಪಿನಕಾಯಿ ಭರಣಿ ಇಡೋದು, ಅವತ್ತು ಊಟಕ್ಕೆ ಸ್ವಲ್ಪ ಮುಂಚೆ ತಾನೇ ಹತ್ತಿ ಇಳಿದಿದ್ರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಕೈ ತಣ್ಣಗಾಗುತ್ತೆ.

ಈಗ ವಿಷಯ ಏನಂದ್ರೆ ನನ್ನ ತಮ್ಮ ಮೆಲ್ಬರ್ನ್‌ನಲ್ಲಿದಾನೆ, ಅವನೂ ಮನೇಲಿ ಬಿಯರ್ ಮಾಡ್ತಾನೆ, ಪೂರ್ತಿ ಕ್ಯಾನ್‌ನಲ್ಲೇ ಹಾಕೋದು. ಹುತ್ತರಿ ಹಬ್ಬಕ್ಕೆ ಬರ್ತಿದಾನೆ, ಕ್ಯಾನ್ ಮುಚ್ಚೋ ಮೆಷಿನ್ ತಂದುಕೊಡ್ತೀನಿ, ಗಾಜಿನ ಸಹವಾಸ ಬಿಡು ಅಂತಿದಾನೆ. ಕ್ಯಾನ್ ಆದ್ರೆ ಸಿಡಿಯಲ್ವಾ? ರುಚಿ ಎಷ್ಟು ದಿನ ನಿಲ್ಲುತ್ತೆ? ನನ್ನ ಹತ್ರ ಕೆಗ್ (ಬಿಯರ್ ತುಂಬೋ ಸ್ಟೀಲ್ ಪೀಪಾಯಿ) ಇಲ್ಲ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ, ಒಂದು ಹಳೇ ಫ್ರಿಜ್ ಇದೆ. ಉಳಿದ ಬಾಟ್ಲಿ ಇನ್ನೂ ಅಟ್ಟದಲ್ಲೇ ಇದೆ, ಹನ್ನೊಂದು. ಮುಟ್ಟೋಕೆ ಧೈರ್ಯ ಇಲ್ಲ.


ಮಂಜಿನೂರು ಮಡಿಕೇರಿ:

ಅಣ್ಣ, ಕ್ಯಾನ್ ವಿಷಯ ಆಮೇಲೆ, ಮೊದಲು ಆ ಹನ್ನೊಂದು ಬಾಟ್ಲಿ.

ಹಗಲು ಹತ್ತಬೇಡಿ. ಬೆಳಿಗ್ಗೆ ಐದೂವರೆ ಆರಕ್ಕೆ, ಅಟ್ಟ ತಣ್ಣಗಿರುವಾಗ ಹೋಗಿ. ದಪ್ಪ ಜಾಕೆಟ್, ಕೈಗೆ ಚರ್ಮದ ಗ್ಲೌಸ್, ಕಣ್ಣಿಗೆ ವೆಲ್ಡಿಂಗ್ ಮಾಡೋರ ಕನ್ನಡಕ ಅಥವಾ ಹೆಲ್ಮೆಟ್ ಗ್ಲಾಸ್ ಇಳಿಸ್ಕೊಂಡು. ಒದ್ದೆ ಗೋಣಿಚೀಲ ಮೊದಲು ಎಲ್ಲದರ ಮೇಲೆ ಹೊದೆಸಿ, ಆಮೇಲೆ ಒಂದೊಂದನ್ನೇ ಗೋಣಿಯಲ್ಲಿ ಸುತ್ತಿ ಅಲ್ಲಾಡಿಸದೆ ಕೆಳಗೆ ತಂದು ಫ್ರಿಜ್‌ನಲ್ಲಿಡಿ. ಎರಡು ದಿನ ಚೆನ್ನಾಗಿ ತಣ್ಣಗಾಗ್ಲಿ, ತಣ್ಣಗಾದಷ್ಟೂ ಗ್ಯಾಸ್ ಬಿಯರ್ ಒಳಗೆ ಕರಗುತ್ತೆ, ಒತ್ತಡ ಇಳಿಯುತ್ತೆ. ಆಮೇಲೆ ಹೊರಗೆ ಅಂಗಳದಲ್ಲಿ, ಬಟ್ಟೆ ಸುತ್ತಿ, ಮುಖ ಆಚೆ ಮಾಡ್ಕೊಂಡು ಮುಚ್ಚಳ ಸ್ವಲ್ಪ ಸ್ವಲ್ಪ ಎತ್ತಿ. ಮನೆಯವರನ್ನ ಅಷ್ಟು ಹೊತ್ತು ದೂರ ಇಡಿ.

ಒಂದು ಬಾಟ್ಲಿಯಿಂದ ಒಂದು ಲೋಟ ಬಿಯರ್ ತೆಗೆದಿಟ್ಟು, ಎರಡು ಲೋಟದ ಮಧ್ಯೆ ಕಾಫಿ ಆರಿಸೋ ಹಾಗೆ ಸುರಿದು ಸುರಿದು ಗ್ಯಾಸ್ ಪೂರ್ತಿ ಬಿಡಿಸಿ, ರೂಮಿನ ಬಿಸಿಗೆ ಬಂದ್ಮೇಲೆ ಹೈಡ್ರೋಮೀಟರ್ ಹಾಕಿ ನೋಡಿ. ನನ್ನ ಪ್ರಕಾರ 1.016 ಇರಲ್ಲ, ಕೆಳಗಿಳಿದಿರುತ್ತೆ.

ಯಾಕಂದ್ರೆ ನೀವೇ ಬರೆದಿದ್ದೀರಲ್ಲ, ಡಿಸೆಂಬರ್. ನಮ್ಮ ಕಡೆ ಡಿಸೆಂಬರ್ ಜನವರಿ ರಾತ್ರಿ ಏಲ್ ಯೀಸ್ಟ್‌ಗೆ ಆಗಲ್ಲ. ಚಳಿಗೆ ಯೀಸ್ಟ್ ಅರ್ಧ ಕೆಲಸ ಮಾಡಿ ತಳಕ್ಕೆ ಹೋಗಿ ಮಲಗಿಬಿಡುತ್ತೆ, ಗುಳ್ಳೆ ನಿಲ್ಲುತ್ತೆ, ನಾವು ಮುಗೀತು ಅಂದ್ಕೋತೀವಿ. ಅದು ಮುಗಿದಿರಲ್ಲ. ಜನವರಿಯಲ್ಲಿ ಕುಡಿದಾಗ ಗ್ಯಾಸ್ ಕಮ್ಮಿ ಇತ್ತು ಅಂದ್ರಲ್ಲ, ಅದೇ ಸಾಕ್ಷಿ, ನೀವು ಹಾಕಿದ ಸಕ್ಕರೆನೂ ಆವಾಗ ಪೂರ್ತಿ ತಿಂದಿರ್ಲಿಲ್ಲ. ಮಾರ್ಚ್ ಏಪ್ರಿಲ್‌ಗೆ ಅಟ್ಟ ಕಾದಾಗ ಎದ್ದು ಕೂತು ಸಕ್ಕರೆನೂ ತಿಂತು, ಉಳಿದ ಮಾಲ್ಟ್ ಸಕ್ಕರೆನೂ ತಿಂತು, ಈ ಸಲ ಮುಚ್ಚಿದ ಬಾಟ್ಲಿ ಒಳಗೆ.

ಲೆಕ್ಕ ನೋಡಿ. ನೀವು ಹಾಕಿದ ಸಕ್ಕರೆ ತಪ್ಪಿಲ್ಲ, ಲೀಟರ್‌ಗೆ ಆರೂವರೆ ಗ್ರಾಂ ಚಿಲ್ಲರೆ, ಬಿಯರ್‌ನಲ್ಲಿ ಮೊದಲೇ ಕರಗಿರೋ ಗ್ಯಾಸೂ ಸೇರಿ ಎರಡೂವರೆ ವಾಲ್ಯೂಮ್ (ಒಂದು ಲೀಟರ್ ಬಿಯರ್ ಒಳಗೆ ಎರಡೂವರೆ ಲೀಟರ್ ಗ್ಯಾಸ್) ಬರುತ್ತೆ, ಅದು ಸರಿಯಾದ ಅಳತೆ. ಆದ್ರೆ ಗ್ರಾವಿಟಿ (ಆ ಹೈಡ್ರೋಮೀಟರ್ ಅಂಕಿ) ಒಂದು ಪಾಯಿಂಟ್, ಅಂದ್ರೆ 0.001, ಬಾಟ್ಲಿ ಒಳಗೆ ಇಳಿದ್ರೆ ಸುಮಾರು ಅರ್ಧ ವಾಲ್ಯೂಮ್ ಜಾಸ್ತಿ ಆಗುತ್ತೆ. 1.016 ಇಂದ 1.011ಕ್ಕೆ ಬಂದಿದ್ರೆ ಇನ್ನೂ ಎರಡೂವರೆ. ಒಟ್ಟು ಐದು. ಮಾಮೂಲಿ ಬಿಯರ್ ಬಾಟ್ಲಿಗೆ ಮೂರು ದಾಟಿಸ್ಲೇಬಾರದು, ಅದ್ರಲ್ಲೂ ಗುಜರಿ ಬಾಟ್ಲಿ ಎಷ್ಟು ಸಲ ಕ್ರೇಟ್‌ನಲ್ಲಿ ಉಜ್ಜಿಕೊಂಡು ಬಂದಿರುತ್ತೋ. ಭುಜದ ಹತ್ರ ಬಿಳೀ ಗೀರಿನ ಉಂಗುರ ಕಾಣುತ್ತಲ್ಲ, ಅಂಥದ್ದನ್ನ ತಗೋಬೇಡಿ, ಬಾಯಿ ಅಂಚಲ್ಲಿ ಬೆರಳಾಡಿಸಿ, ಉಗುರಿಗೆ ಸಿಕ್ಕೋ ಚಕ್ಕೆ ಇದ್ರೆ ಅದೂ ಬೇಡ.

ಅದಕ್ಕೇ ಹೇಳೋದು, ತಪ್ಪು ಬಾಟ್ಲಿದಲ್ಲ. ಅದೇ ಬಿಯರ್ ಕ್ಯಾನ್‌ಗೆ ಹಾಕಿದ್ರೂ ಅಟ್ಟದಲ್ಲಿ ಅದೇ ಕಥೆ.


ಕಾವೇರಿ ದಂಡೆ:

ನಾನೂ ಇದನ್ನೇ ಕೇಳ್ಬೇಕು ಅಂತಿದ್ದೆ, ಫಾಲೋ ಮಾಡ್ತಿದೀನಿ. ಪೆಟ್ ಬಾಟ್ಲಿ ಆಗಲ್ವಾ? ಸೋಡಾದ್ದು?


ವಿರಾಜಪೇಟೆ ಟು ಮೈಸೂರು:

ನಾನು ಮೈಸೂರಲ್ಲಿ ಎರಡು ವರ್ಷದಿಂದ ಕ್ಯಾನ್ ಮಾಡ್ತಿದೀನಿ, ಅದಕ್ಕೆ ಮುಂಚೆ ಊರಲ್ಲಿ ಬಾಟ್ಲಿ. ಎರಡೂ ಮಾಡಿರೋದ್ರಿಂದ ಬರೀತೀನಿ.

ಸಿಡಿಯೋ ಪ್ರಶ್ನೆಗೆ ಮೊದಲು. ಸರಿಯಾಗಿ ಮಾಡಿದ ಎರಡೂವರೆ ವಾಲ್ಯೂಮ್ ಬಿಯರ್ 20 ಡಿಗ್ರಿಯಲ್ಲಿ 28 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ಇರುತ್ತೆ, 30 ಡಿಗ್ರಿಗೆ ಹೋದ್ರೆ 40ರ ಹತ್ರ. ಕ್ಯಾನ್ ತಡೆಯೋದು ಸುಮಾರು 90 ಪಿಎಸ್‌ಐವರೆಗೆ, ಅದರ ಮೇಲೆ ತಳದ ಗುಳಿ ಹೊರಗೆ ಉಬ್ಬುತ್ತೆ, ಮುಚ್ಚಳ ಎದ್ದು ಸೊಟ್ಟಗಾಗುತ್ತೆ, ಸೀಮ್ (ಮುಚ್ಚಳ ಕ್ಯಾನ್ ಜೊತೆ ಸೇರೋ ಅಂಚು) ಬಿಟ್ಟು ಬಿಯರ್ ಚಿಮ್ಮುತ್ತೆ. ಕ್ಯಾನ್‌ನಲ್ಲಿ ಗಾಜಿನ ಚೂರು ಹಾರಲ್ಲ, ಅದು ನಿಜ, ಅದು ದೊಡ್ಡ ವಿಷಯ, ನಿಮ್ಮ ಅವ್ವನ ವಿಷಯ ಓದಿದ್ಮೇಲೆ ಅದನ್ನ ಸಣ್ಣದು ಅಂತ ಹೇಳಲ್ಲ. ಆದ್ರೆ ನಿಮ್ಮ ಐದು ವಾಲ್ಯೂಮ್ ಬಿಯರ್ ಅಟ್ಟದ ಬಿಸಿಗೆ ಆ 90ರ ಹತ್ರ ಹತ್ರ ಬಂದಿರುತ್ತೆ. ಇಡೀ ಅಟ್ಟ ತೊಯ್ದು ಹೋಗ್ತಿತ್ತು.

ಈಗ ಕ್ಯಾನ್‌ನ ಕೆಲಸ ಹೇಗಿರುತ್ತೆ ಅಂತ ಹೇಳ್ತೀನಿ, ನಿಮ್ಮ ತಮ್ಮ ಅಲ್ಲಿ ಮಾಡೋದು ಸುಲಭ ಯಾಕೆ ಅಂತ ಗೊತ್ತಾಗುತ್ತೆ. ಬಿಯರ್ ಮೊದಲು ಕೆಗ್‌ನಲ್ಲಿರ್ಬೇಕು, ಅಲ್ಲೇ ಸಿಲಿಂಡರ್ ಗ್ಯಾಸ್ ಹಿಡಿದಿರ್ಬೇಕು, ಎರಡು ಮೂರು ಡಿಗ್ರಿಗೆ ತಣ್ಣಗಾಗಿರ್ಬೇಕು. ಖಾಲಿ ಕ್ಯಾನ್‌ಗೆ ಕಾರ್ಬನ್ ಡೈಆಕ್ಸೈಡ್ ಊದಿ ಗಾಳಿ ಓಡಿಸ್ಬೇಕು. ಪೈಪ್ ತಳ ಮುಟ್ಟೋ ಹಾಗೆ ಇಳಿಸಿ ನಿಧಾನ ತುಂಬಿ, ಪೈಪ್ ಎತ್ತುವಾಗ ನೊರೆ ಬಾಯಿವರೆಗೆ ಏರ್ಬೇಕು, ಆ ನೊರೆ ಮೇಲೇ ಮುಚ್ಚಳ ಕೂರಿಸಿ ತಕ್ಷಣ ಮೆಷಿನ್‌ಗೆ. ನೊರೆ ಇಲ್ಲದೆ ಮುಚ್ಚಿದ್ರೆ ಒಳಗೆ ಉಳಿಯೋದು ಗಾಳಿ. ಬಾಟ್ಲಿ ಕತ್ತು ಹೆಬ್ಬೆರಳಿನಷ್ಟು, ಕ್ಯಾನ್ ಬಾಯಿ ಐದು ಸೆಂಟಿಮೀಟರ್ ಅಗಲ, ಎಷ್ಟು ಗಾಳಿ ಕೂರುತ್ತೆ ಯೋಚನೆ ಮಾಡಿ. ನನ್ನ ಮೊದಲನೇ ಬ್ಯಾಚ್ ಹಾಗೇ ಹೋಯ್ತು. ಕಾಫಿ ಸ್ಟೌಟ್ (ಕಪ್ಪು ಬಿಯರ್), ಊರಿಂದ ತಂದ ಅರೇಬಿಕಾ ಹುರಿದು ಹಾಕಿದ್ದೆ, ಹದಿನೈದು ದಿನಕ್ಕೆ ಕಾಫಿ ಪರಿಮಳ ಹೋಗಿ ಒದ್ದೆ ರಟ್ಟಿನ ವಾಸನೆ. ಬಾಟ್ಲಿಯಲ್ಲಿ ಸಕ್ಕರೆ ಹಾಕಿ ಮುಚ್ಚಿದಾಗ ಯೀಸ್ಟ್ ಮತ್ತೆ ಎದ್ದು ಒಳಗಿರೋ ಆಮ್ಲಜನಕದಲ್ಲಿ ಸ್ವಲ್ಪ ತಾನೇ ತಿಂದುಬಿಡುತ್ತೆ, ಈ ಸಹಾಯ ಕೆಗ್‌ನಿಂದ ಕ್ಯಾನ್‌ಗೆ ತುಂಬಿದಾಗ ಸಿಗಲ್ಲ. ಕ್ಯಾನ್‌ಗೇ ಸಕ್ಕರೆ ಹಾಕಿ ಮುಚ್ಚೋರೂ ಇದಾರೆ, ಆಗುತ್ತೆ, ಒತ್ತಿ ನೋಡಿದ್ರೆ ಗಟ್ಟಿ ಆಗಿದ್ಯಾ ಗೊತ್ತಾಗುತ್ತೆ, ಆದ್ರೆ ಸಕ್ಕರೆ ಲೆಕ್ಕ ತಪ್ಪಿದ್ರೆ ನಿಮ್ಮ ಕಥೆನೇ.

ಸೀಮ್ ವಿಷಯ ಇನ್ನೊಂದು. ಮೆಷಿನ್‌ನಲ್ಲಿ ಎರಡು ರೋಲರ್ ಇರುತ್ತೆ, ಮೊದಲನೇದು ಮುಚ್ಚಳದ ಅಂಚನ್ನ ಕ್ಯಾನ್ ಅಂಚಿನ ಕೆಳಗೆ ಸುತ್ತುತ್ತೆ, ಎರಡನೇದು ಅದನ್ನ ಒತ್ತಿ ಚಪ್ಪಟೆ ಮಾಡುತ್ತೆ. ರೋಲರ್ ಕೂದಲೆಳೆಯಷ್ಟು ಆಚೀಚೆ ಆದ್ರೆ ಕಣ್ಣಿಗೆ ಚೆನ್ನಾಗೇ ಕಾಣುತ್ತೆ, ಒಳಗೆ ಹಿಡಿದಿರಲ್ಲ. ನಾನು ಪ್ರತಿ ಸಲ ಮೊದಲ ಎರಡು ಕ್ಯಾನ್‌ಗೆ ನೀರು ತುಂಬಿ ಮುಚ್ಚಿ, ಮೈಕ್ರೋಮೀಟರ್‌ನಲ್ಲಿ ಸೀಮ್ ದಪ್ಪ ಅಳೆದು, ಒಂದನ್ನ ಕತ್ತರಿಸಿ ನೋಡ್ತೀನಿ. ಆಮೇಲೆ ತುಂಬಿದ್ದನ್ನೆಲ್ಲ ರಾತ್ರಿ ಪೇಪರ್ ಮೇಲೆ ತಲೆಕೆಳಗೆ ಇಡ್ತೀನಿ, ಬೆಳಿಗ್ಗೆ ಪೇಪರ್ ಮೇಲೆ ಒಂದು ಉಂಗುರ ಒದ್ದೆ ಇದ್ರೂ ಅದನ್ನ ಅವತ್ತೇ ಕುಡಿದು ಮುಗಿಸ್ಬೇಕು.

ಇಷ್ಟೆಲ್ಲ ಸರಿ ಮಾಡಿದ್ರೆ ಕ್ಯಾನ್ ನಿಜವಾಗ್ಲೂ ಚೆನ್ನ. ಬೆಳಕು ಒಳಗೆ ಹೋಗಲ್ಲ, ಹಾಪ್ಸ್ (ಕಹಿಗೆ, ಪರಿಮಳಕ್ಕೆ ಹಾಕೋ ಹೂವು) ಜಾಸ್ತಿ ಇರೋ ಬಿಯರ್‌ಗೆ ಅದು ದೊಡ್ಡ ಲಾಭ, ಬೇಗ ತಣ್ಣಗಾಗುತ್ತೆ, ಹಗುರ. ಆದ್ರೆ ಖಾಲಿ ಕ್ಯಾನ್ ಒಂದು ಸಲಕ್ಕೆ ಮಾತ್ರ, ಬಾಟ್ಲಿ ತರ ತೊಳೆದು ಇಡೋ ಹಾಗಿಲ್ಲ. ಕಂಪನಿಗಳು ಕೊಡೋದು ಲಾರಿ ಲೆಕ್ಕದಲ್ಲಿ, ನಮಗೆ ನೂರು ಇನ್ನೂರು ಬೇಕು ಅಂದ್ರೆ ಯಾರ ಹತ್ರಾನೋ ಬೇಡ್ಕೊಂಡು ತರ್ಬೇಕು, ಕೊರಿಯರ್‌ನಲ್ಲಿ ಬರೋವಾಗ ಅಂಚು ಸ್ವಲ್ಪ ಬಗ್ಗಿದ್ರೆ ಆ ಕ್ಯಾನ್ ಸೀಮ್ ಆಗಲ್ಲ. ಮೆಷಿನ್ ತಮ್ಮ ತರ್ತಾರೆ, ಸರಿ, ಕ್ಯಾನ್ ವರ್ಷಕ್ಕೆ ಎಷ್ಟು ಸಲ ತರ್ತಾರೆ?

ಮತ್ತೆ ಜುಲೈನಲ್ಲಿ ಏನ್ ಮಾಡ್ತೀರಿ? ನಮ್ಮ ಕಡೆ ಮರ ಬಿದ್ದು ಲೈನ್ ಹೋದ್ರೆ ಮೂರು ದಿನ ನಾಲ್ಕು ದಿನ ಕರೆಂಟ್ ಇರಲ್ಲ. ಕೆಗ್ ತಣ್ಣಗಿಲ್ಲದಿದ್ರೆ ತುಂಬುವಾಗ ಬರೀ ನೊರೆ, ಅರ್ಧ ಕ್ಯಾನೂ ತುಂಬಲ್ಲ. ಊರಲ್ಲಿದ್ದಿದ್ರೆ ನಾನೂ ಬಾಟ್ಲಿನೇ ಮಾಡ್ತಿದ್ದೆ.

ಕಾವೇರಿ ದಂಡೆ, ಪೆಟ್ ಆಗುತ್ತೆ. ಸೋಡಾ ಬಾಟ್ಲಿ ಒತ್ತಡ ಚೆನ್ನಾಗಿ ತಡೆಯುತ್ತೆ. ಪ್ಲಾಸ್ಟಿಕ್ ಮೂಲಕ ನಿಧಾನ ಗಾಳಿ ಒಳಗೆ ಹೋಗುತ್ತೆ, ಬಣ್ಣ ಇಲ್ಲದ್ದಾದ್ರೆ ಬೆಳಕೂ ಹೋಗುತ್ತೆ, ಒಂದೆರಡು ತಿಂಗಳಲ್ಲಿ ಕುಡಿದು ಮುಗಿಸೋದಾದ್ರೆ ಸಾಕು.


ಸೋಮವಾರಪೇಟೆ ಅಕ್ಕ:

ನಾನು ಬಿಯರ್ ಮಾಡೋದಿಲ್ಲ, ದ್ರಾಕ್ಷಿ, ಪ್ಯಾಶನ್ ಫ್ರೂಟ್, ಶುಂಠಿ ವೈನ್ ಮಾಡ್ತೀನಿ, ನಮ್ಮ ಅತ್ತೆ ಕಾಲದಿಂದ. ಇಂಥದ್ದು ನಮ್ಮನೇಲೂ ಆಗಿದೆ. ಶುಂಠಿ ವೈನ್‌ಗೆ ಬೆಲ್ಲ ಹಾಕಿ ಹುದುಗು ನಿಲ್ಲೋ ಮೊದಲೇ ಬಿರಡೆ ಹಾಕಿಬಿಟ್ಟಿದ್ವಿ, ಮಳೆಗಾಲ ಇಡೀ ಸುಮ್ನಿದ್ದು ಬಿಸಿಲು ಬಂದಾಗ ಬಿರಡೆ ಹಾರಿ ಗೋಡೆ ಪೂರ್ತಿ ಕಲೆ. ಬಿರಡೆ ಆದ್ರೆ ಹಾರುತ್ತೆ, ಕ್ರೌನ್ ಮುಚ್ಚಳ (ಹಲ್ಲಿರೋ ತಗಡಿನದು) ಹಾರಲ್ಲ, ಅದಕ್ಕೇ ಬಾಟ್ಲಿ ಒಡೆಯೋದು. ತಮ್ಮಾ, ಹುದುಗಿಗೆ ಇಟ್ಟ ಪಾತ್ರೆನ ಚಳಿಗಾಲದಲ್ಲಿ ಅಡುಗೆಮನೆಗೆ ತನ್ನಿ, ಒಲೆ ಇರೋ ಗೋಡೆಯ ಇನ್ನೊಂದು ಬದಿಗೆ ಇಟ್ರೆ ರಾತ್ರಿನೂ ಬೆಚ್ಚಗಿರುತ್ತೆ, ಮೇಲೆ ಒಂದು ಹಳೇ ಕಂಬಳಿ. ನಾವು ವರ್ಷ ವರ್ಷ ಹಾಗೇ ಮಾಡೋದು.

ಮತ್ತೆ ಮಳೆಗಾಲದ ವಿಷಯ ಯಾರೂ ಹೇಳ್ಲಿಲ್ಲ. ಜೂನ್ ಜುಲೈ ತೇವಕ್ಕೆ ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತೆ, ಅಂಚಿಂದ ಶುರುವಾಗಿ ಬಾಟ್ಲಿ ಬಾಯಿಗೆ ಕಂದು ಗೆರೆ ಕೂರುತ್ತೆ. ಹೊಸ ಮುಚ್ಚಳನ ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮುಚ್ಚಿಡಿ. ಮುಚ್ಚಿದ ಬಾಟ್ಲಿ ಕತ್ತನ್ನ ಒರೆಸಿ ಒಣಗಿಸಿ, ಮುಚ್ಚುವಾಗ ಚೆಲ್ಲಿದ್ದು ಅಲ್ಲೇ ಅಂಟಿದ್ರೆ ಬೂಷ್ಟು ಬರುತ್ತೆ. ಗೋಡೆಗೆ ತಾಗಿಸ್ಬೇಡಿ, ನೆಲಕ್ಕೆ ಮರದ ಹಲಗೆ ಹಾಕಿ.

ಒಂದು ಪ್ರಶ್ನೆ ನನ್ನದೂ ಇದೆ, ಮೈಸೂರಿನವರಿಗೆ. ಪ್ಯಾಶನ್ ಫ್ರೂಟ್ ವೈನ್ ಕ್ಯಾನ್‌ಗೆ ಹಾಕ್ಬಹುದಾ? ಮಗಳು ಸಣ್ಣ ಸಣ್ಣ ಕ್ಯಾನ್ ಚೆನ್ನಾಗಿರುತ್ತೆ ಅಂತಾಳೆ.


ವಿರಾಜಪೇಟೆ ಟು ಮೈಸೂರು:

ಅಕ್ಕ, ದಯವಿಟ್ಟು ಬೇಡ. ಕ್ಯಾನ್ ಒಳಗೆ ತೆಳ್ಳಗೆ ಒಂದು ಲೇಪನ ಇರುತ್ತೆ, ಬಿಯರ್‌ಗೆ ಅಂತ ಮಾಡಿದ್ದು. ವೈನ್‌ನ ಹುಳಿ ಜಾಸ್ತಿ, ಅದ್ರ ಮೇಲೆ ಕೆಡದ ಹಾಗೆ ಮೆಟಾಬೈಸಲ್ಫೈಟ್ ಹಾಕಿದ್ರೆ ಅದು ಲೇಪನದ ಸಣ್ಣ ಬಿರುಕಲ್ಲಿ ಅಲ್ಯೂಮಿನಿಯಂ ಮುಟ್ಟಿ ಕೊಳೆತ ಮೊಟ್ಟೆ ವಾಸನೆ ಬರುತ್ತೆ. ವೈನ್‌ಗೆ ಗಾಜೇ.


ಪಾಲಿಬೆಟ್ಟ ರಸ್ತೆ:

ಇಲ್ಲಿ ಎಲ್ಲರೂ ಒಳ್ಳೆ ಮಾಹಿತಿ ಕೊಟ್ಟಿದೀರಿ, ಒಂದು ಮಾತು ನಾನೂ ಹೇಳ್ಲೇಬೇಕು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರೋದಷ್ಟೇ ಅಲ್ಲ, ತಯಾರು ಮಾಡೋದಕ್ಕೂ ನಿಷೇಧ ಇದೆ. ಮನೆಗೆ ಅಂತ ಮಾಡಿದ್ರೆ ಪರವಾಗಿಲ್ಲ ಅಂತ ತುಂಬ ಜನ ಅಂದ್ಕೊಂಡಿದಾರೆ. ಕೊಡವರಿಗೆ ಕೋವಿ ಲೈಸೆನ್ಸ್‌ನಲ್ಲಿ ಇರೋ ವಿನಾಯಿತಿ ಥರ ಇದಕ್ಕೂ ಇದೆ ಅಂತ ನಮ್ಮೂರಲ್ಲೇ ಒಬ್ರು ವಾದ ಮಾಡಿದ್ರು, ಅದು ಬೇರೆ ಇದು ಬೇರೆ. ತಮ್ಮನ ಊರಲ್ಲಿ ಮನೆ ಬಳಕೆಗೆ ಬಿಯರ್ ಮಾಡೋಕೆ ಅವಕಾಶ ಇದೆ, ಅಲ್ಲಿದ್ದು ಇಲ್ಲಿಗೆ ಅನ್ವಯಿಸಲ್ಲ. ಸೀಲ್ ಮಾಡಿದ ಕ್ಯಾನ್ ರಾಶಿ ಮನೇಲಿ ಕಂಡ್ರೆ ಮಾರಾಟಕ್ಕೆ ಅಂತಾನೇ ನೋಡೋರು ತಿಳ್ಕೋತಾರೆ. ಮೆಷಿನ್ ತರಿಸೋ ಮುಂಚೆ ಇದನ್ನ ವಕೀಲರ ಹತ್ರ ಒಂದ್ಸಲ ಕೂತು ಮಾತಾಡಿ.


ಸುಂಟಿಕೊಪ್ಪ ತೋಟದವನು:

ಎಲ್ಲರಿಗೂ ತುಂಬ ಥ್ಯಾಂಕ್ಸ್, ನಾಲ್ಕು ದಿನ ಉತ್ತರ ಕೊಡೋಕೆ ಆಗ್ಲಿಲ್ಲ.

ಮಡಿಕೇರಿ ಅಣ್ಣ ಹೇಳಿದ ಹಾಗೆ ಭಾನುವಾರ ಬೆಳಿಗ್ಗೆ ಹತ್ತಿದೆ. ಅವ್ವನ್ನ ಮಕ್ಕಳನ್ನ ಅಕ್ಕನ ಮನೆಗೆ ಕಳಿಸಿದ್ದೆ. ಮಂಜು ಇತ್ತು, ಅಟ್ಟ ತಣ್ಣಗಿತ್ತು. ಮೆಣಸಿನ ಗೋಣಿ ನೆನೆಸಿ ಹೊದೆಸಿ ಒಂದೊಂದೇ ಇಳಿಸಿದೆ, ಹನ್ನೊಂದೂ ಬಂತು. ಎರಡು ದಿನ ಫ್ರಿಜ್‌ನಲ್ಲಿಟ್ಟು ಅಂಗಳದಲ್ಲಿ ತೆಗೆದೆ. ಮುಚ್ಚಳ ಸ್ವಲ್ಪ ಎತ್ತಿದ್ರೆ ಸಾಕು, ಸುಯ್ ಅಂತ ಶುರುವಾಗಿ ಮುಕ್ಕಾಲು ಬಾಟ್ಲಿ ನೊರೆ ಆಗಿ ಹರಿದು ಹೋಗ್ತಿತ್ತು, ಫ್ರಿಜ್ ತಣ್ಣಗೂ ಹಾಗೆ. ತಳದಲ್ಲಿ ಉಳಿದಿದ್ದನ್ನ ಲೋಟದಿಂದ ಲೋಟಕ್ಕೆ ಆರಿಸಿ ಹೈಡ್ರೋಮೀಟರ್ ಹಾಕಿದೆ. 1.011. ನೀವು ಬರೆದಿದ್ದ ಅಂಕಿನೇ. ಇನ್ನೊಂದು ಬಾಟ್ಲಿಯಲ್ಲಿ ನೋಡಿದೆ, ಅದೂ 1.011. ರೆಸಿಪಿಯಲ್ಲಿ ಇದ್ದದ್ದೂ ಅದೇ, ನಾನೇ ಕಾಯ್ಲಿಲ್ಲ. ಇನ್ನು ಎರಡು ವಾರ ಬೆಚ್ಚಗೆ ಇಟ್ಟಿದ್ರೆ ಆಗ್ತಿತ್ತು.

ಒಡೆದ ಮೂರರ ಚೂರು ಹುಡುಕಿ ನೋಡಿದೆ, ಎರಡರಲ್ಲಿ ಭುಜದ ಹತ್ರ ಬಿಳೀ ಉಂಗುರ ಇತ್ತು. ಮನೇಲಿದ್ದ ಖಾಲಿ ಬಾಟ್ಲಿ ಎಲ್ಲ ಬೆಳಕಿಗೆ ಹಿಡಿದು ನೋಡಿ 14 ಬಾಟ್ಲಿ ಬೇರೆ ಇಟ್ಟೆ.

ವಕೀಲರ ಮಾತು ಓದಿ ಮನೇಲಿ ಕೂತು ಮಾತಾಡಿದ್ವಿ. ಅದು ಇತ್ಯರ್ಥ ಆಗೋವರೆಗೆ ಹೊಸ ಬ್ಯಾಚ್ ಹಾಕಲ್ಲ. ತಮ್ಮನಿಗೆ ಮೆಷಿನ್ ಬೇಡ ಅಂತ ಮೆಸೇಜ್ ಮಾಡಿದೀನಿ, ಮುಖ ಸಣ್ಣ ಮಾಡ್ಕೊಂಡ. ಕೆಗ್ ತಣ್ಣಗಿರೋಕೆ ಕರೆಂಟ್ ಎಲ್ಲಿ ಅಂತ ಕೇಳಿದ್ಮೇಲೆ ಒಪ್ಪಿಕೊಂಡ, ಅವನೂ ಇದೇ ಮನೇಲಿ ಬೆಳೆದೋನಲ್ವಾ. ಬದಲಿಗೆ ಟೇಬಲ್ ಮೇಲೆ ನಿಲ್ಲಿಸೋ ಕ್ಯಾಪರ್ ಒಂದು ಕೇಳಿದೀನಿ, ನನ್ನ ಎರಡು ಹಿಡಿ ಕ್ಯಾಪರ್‌ನಲ್ಲಿ ಮುಚ್ಚಳ ಕೆಲವು ಸಲ ಒಂದು ಕಡೆ ಎದ್ದಿರುತ್ತೆ. ಅದು ಯಾಕೆ ಹಾಗಾಗುತ್ತೆ ಯಾರಿಗಾದ್ರೂ ಗೊತ್ತಾ?


ಮಂಜಿನೂರು ಮಡಿಕೇರಿ:

ಓದಿ ಸಮಾಧಾನ ಆಯ್ತು ಅಣ್ಣ, ಅವ್ವನಿಗೆ ನನ್ನ ನಮಸ್ಕಾರ ಹೇಳಿ.

ಹಿಡಿ ಎರಡನ್ನೂ ಒಂದೇ ಸಮ ಒತ್ತದಿದ್ರೆ ಹಾಗಾಗುತ್ತೆ, ಬಾಟ್ಲಿ ಕೆಳಗೆ ಮ್ಯಾಟ್ ಹಾಕಿ ಜಾರದ ಹಾಗೆ ಇಡಿ. ಮುಚ್ಚಿದ್ಮೇಲೆ ಒಂದೊಂದನ್ನೂ ಬೆಳಕಿಗೆ ತಿರುಗಿಸಿ ನೋಡಿ, ಮುಚ್ಚಳದಲ್ಲಿ 21 ಹಲ್ಲು ಇರುತ್ತೆ, 21ಕ್ಕೆ 21 ಕೂಡ ಒಂದೇ ಸಮ ಒಳಗೆ ಬಾಗಿರ್ಬೇಕು. ಒಂದು ಕಡೆ ಎದ್ದಿದ್ರೆ ಅದೇ ಮುಚ್ಚಳನ ಮತ್ತೆ ಒತ್ಬೇಡಿ, ತೆಗೆದು ಹೊಸದು ಹಾಕಿ. ತಿರುಗಿಸಿ ತೆಗೆಯೋ ಥರದ ಬಾಟ್ಲಿ ಗುಜರಿಯಿಂದ ಬಂದಿದ್ರೆ ಅದನ್ನೂ ಆ 14ರ ಜೊತೆಗೇ ಸೇರಿಸಿಬಿಡಿ, ಅದರ ಬಾಯಿಗೆ ಈ ಮುಚ್ಚಳ ಸರಿಯಾಗಿ ಕಚ್ಚಲ್ಲ.